ದೋಸೆ ಏಳದಿದ್ದಾಗ: ನಾನ್‌ಸ್ಟಿಕ್ ಕಾವಲಿಯ ಆಯುಸ್ಸು ಯಾವುದನ್ನು ಅವಲಂಬಿಸಿದೆ?

ಹೊಸ ನಾನ್‌ಸ್ಟಿಕ್ ಕಾವಲಿ ಮನೆಗೆ ಬಂದ ಮೊದಲ ತಿಂಗಳಲ್ಲಿ ನೀರುದೋಸೆಯಂಥ ತೆಳು ದೋಸೆಯೂ ಎಣ್ಣೆಯ ಹಂಗಿಲ್ಲದೆ ಅಂಚು ಬಿಟ್ಟು ತಾನಾಗಿ ಏಳುತ್ತದೆ. ವರ್ಷ ಕಳೆದು ಎರಡನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಅದೇ ಕಾವಲಿಯ ನಡುವೆ, ಅಂಗೈ ಅಗಲದ ಜಾಗದಲ್ಲಿ, ಹಿಟ್ಟು ಕಚ್ಚತೊಡಗುತ್ತದೆ. ಸುತ್ತಲಿನ ಅಂಚಿನಲ್ಲಿ ಮಾತ್ರ ದೋಸೆ ಮೊದಲಿನಂತೆಯೇ ಸಲೀಸಾಗಿ ಏಳುತ್ತಿರುತ್ತದೆ. ಎದ್ದು ಕಾಣುವ ಗೀರಿಲ್ಲ, ಪದರ ಕಿತ್ತಿಲ್ಲ, ಹೊರನೋಟಕ್ಕೆ ಎಲ್ಲವೂ ಸರಿಯಾಗಿಯೇ ಇದೆ. ಹೀಗಿದ್ದೂ ನಡುಭಾಗವೇ ಏಕೆ ಮೊದಲು ಸೋಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಈ ಪಾತ್ರೆಗಳ ಬಾಳಿಕೆಯ ಬಗ್ಗೆ ತಿಳಿಯಬೇಕಾದ ಬಹುಪಾಲು ಸಂಗತಿಗಳು ದಾರಿಯಲ್ಲಿಯೇ ಸಿಗುತ್ತವೆ.

ಈ ವಿಷಯ ಈಗ ಮನೆಮನೆಯ ಚರ್ಚೆಯಾಗಲು ಇನ್ನೊಂದು ಕಾರಣವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂಗವಾದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಲ್ಲಿ ಅಡುಗೆ ಪಾತ್ರೆಗಳ ವಿಚಾರವೂ ಸೇರಿತ್ತು. ನಾನ್‌ಸ್ಟಿಕ್ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಟ್ಟು ಅತಿಯಾಗಿ ಕಾಯಿಸಬಾರದು, ಲೇಪನ ಸವೆದ ಮೇಲೆ ಪಾತ್ರೆಯನ್ನು ಬಳಸಬಾರದು ಎಂಬ ಎಚ್ಚರಿಕೆಯನ್ನು ಅದು ನೀಡಿತು. ಆ ಬಳಿಕ ಹಲವರು ಭಯಪಟ್ಟು ಒಳ್ಳೆಯ ಸ್ಥಿತಿಯಲ್ಲಿದ್ದ ಪಾತ್ರೆಗಳನ್ನೂ ಹೊರಹಾಕಿದರು. ಇನ್ನು ಕೆಲವರು ಅಲ್ಯುಮಿನಿಯಂ ಹೊಳೆಯುವಷ್ಟು ಸವೆದ ಕಾವಲಿಯನ್ನು ಇಂದಿಗೂ ಬಳಸುತ್ತಿದ್ದಾರೆ. ಲೇಪನ ಎಂದರೇನು, ಅದು ಹೇಗೆ ಕೆಡುತ್ತದೆ ಎಂಬುದು ಸ್ಪಷ್ಟವಾದರೆ ಈ ಎರಡು ತಪ್ಪುಗಳನ್ನೂ ತಪ್ಪಿಸಬಹುದು.

ಲೇಪನ ಎಂಬುದು ಏನು?

ನಾನ್‌ಸ್ಟಿಕ್ ಎಂಬುದು ಯಾವುದೋ ಒಂದು ಲೋಹದ ಹೆಸರಲ್ಲ. ಪಾತ್ರೆಯ ಮೈ ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನದು. ಅದರ ಮೇಲೆ ಬಳಿದು ಬೇಯಿಸಿದ ತೆಳು ಪದರವೇ ಅಂಟದಿರುವ ಗುಣವನ್ನು ಕೊಡುತ್ತದೆ. ಮಾರುಕಟ್ಟೆಯಲ್ಲಿರುವ ಬಹುತೇಕ ಪಾತ್ರೆಗಳಲ್ಲಿ ಆ ಪದರದ ಮುಖ್ಯ ವಸ್ತು ಪಾಲಿಟೆಟ್ರಾಫ್ಲೋರೋಎಥಿಲೀನ್, ಅಂದರೆ ಪಿಟಿಎಫ್‌ಇ. ನಾವು ರೂಢಿಯಲ್ಲಿ ಟೆಫ್ಲಾನ್ ಎನ್ನುವುದು ಈ ವಸ್ತುವಿನ ಒಂದು ವ್ಯಾಪಾರಿ ಹೆಸರು.

ಇದು ಸಿಕ್ಕಿದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನವಿಜ್ಞಾನಿ ಶೀತಕಗಳ ಸಂಶೋಧನೆಗಾಗಿ ಅನಿಲ ತುಂಬಿಟ್ಟಿದ್ದ ಒಂದು ಸಿಲಿಂಡರಿನ ಕವಾಟ ತೆರೆದರು. ಅನಿಲ ಹೊರಬರಲಿಲ್ಲ, ಆದರೆ ಸಿಲಿಂಡರಿನ ತೂಕ ಮಾತ್ರ ಕಡಿಮೆಯಾಗಿರಲಿಲ್ಲ. ಅದನ್ನು ಕೊಯ್ದು ನೋಡಿದಾಗ ಒಳಗೆ ಮೇಣದಂತೆ ಜಾರುವ ಬಿಳಿಯ ಪುಡಿ ಕಂಡಿತು. ಅನಿಲದ ಅಣುಗಳು ತಾವಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದನೆಯ ಸರಪಳಿಗಳಾಗಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯವರು ಅತ್ಯಂತ ತೀಕ್ಷ್ಣವಾದ ಯುರೇನಿಯಂ ಹೆಕ್ಸಾಫ್ಲೋರೈಡ್ ಸಾಗಿಸುವ ಕೊಳವೆಗಳ ಜೋಡಣೆಗಳಲ್ಲಿ ಸೋರಿಕೆ ತಡೆಯಲು ಇದನ್ನು ಬಳಸಿದರು. ಅಡುಗೆಮನೆಗೆ ಇದು ಬಂದದ್ದು ಫ್ರಾನ್ಸಿನ ಮೂಲಕ. ಇಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಮೀನು ಹಿಡಿಯುವ ಸಲಕರಣೆಗೆ ಇದನ್ನು ಹಚ್ಚುವ ಪ್ರಯತ್ನದಲ್ಲಿದ್ದಾಗ, ಅದನ್ನೇ ಬಾಣಲೆಗೆ ಹಚ್ಚಬಾರದೇಕೆ ಎಂದು ಪತ್ನಿ ಕೊಲೆಟ್ ಸೂಚಿಸಿದರೆಂದು ಹೇಳಲಾಗುತ್ತದೆ. 1956ರಲ್ಲಿ ಅವರು ಟೆಫಾಲ್ ಕಂಪನಿಯನ್ನು ಆರಂಭಿಸಿದರು.

ಈ ವಸ್ತುವಿಗೆ ಏನೂ ಅಂಟದಿರಲು ಕಾರಣ ಅದರ ರಚನೆ. ಒಂದು ಮೆಕ್ಕೆಜೋಳದ ತೆನೆಯನ್ನು ಕಲ್ಪಿಸಿಕೊಳ್ಳಬಹುದು. ನಡುವಿನ ದಿಂಡು ಇಂಗಾಲದ ಪರಮಾಣುಗಳ ಸರಪಳಿ. ಅದರ ಸುತ್ತ ಎಡೆಬಿಡದೆ ಕೂತಿರುವ ಕಾಳುಗಳು ಫ್ಲೋರಿನ್ ಪರಮಾಣುಗಳು. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಸಾವಯವ ರಸಾಯನವಿಜ್ಞಾನ ಬಲ್ಲ ಅತ್ಯಂತ ಗಟ್ಟಿಯಾದ ಏಕಬಂಧ. ಫ್ಲೋರಿನ್ ತನ್ನ ಎಲೆಕ್ಟ್ರಾನುಗಳನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆಂದರೆ ಹೊರಗಿನಿಂದ ಬಂದ ಹಿಟ್ಟಿನ ಪ್ರೋಟೀನಿಗಾಗಲಿ ಸಕ್ಕರೆಗಾಗಲಿ ಹಿಡಿತಕ್ಕೆ ಏನೂ ಸಿಗುವುದಿಲ್ಲ. ಗೋಡೆಯ ಮೇಲೆ ಸರಾಗವಾಗಿ ಓಡುವ ಹಲ್ಲಿಯ ಜಾತಿಯ ಜೀವಿಗಳಿಗೂ ಒಣ ಟೆಫ್ಲಾನಿನ ಮೇಲೆ ಕಾಲೂರಿ ನಿಲ್ಲಲು ಆಗುವುದಿಲ್ಲ.

ಯಾವುದಕ್ಕೂ ಅಂಟದ್ದು ಲೋಹಕ್ಕೆ ಅಂಟಿದ್ದು ಹೇಗೆ?

ಬಾಳಿಕೆಯ ಪ್ರಶ್ನೆ ನಿಜವಾಗಿ ಆರಂಭವಾಗುವುದು ಇಲ್ಲಿಂದ. ಯಾವುದನ್ನೂ ಹಿಡಿಯದ ವಸ್ತು ಅಲ್ಯುಮಿನಿಯಮ್ಮನ್ನು ಮಾತ್ರ ಹೇಗೆ ಹಿಡಿದೀತು? ನುಣುಪಾದ ಕಾಂಕ್ರೀಟ್ ಗೋಡೆಗೆ ಗಾರೆ ಮಾಡುವ ಮುನ್ನ ಕೆಲಸದವರು ಉಳಿಯಿಂದ ಗೋಡೆಯ ತುಂಬ ಸಣ್ಣ ಸಣ್ಣ ಗಾಯ ಮಾಡುವುದನ್ನು ನಾವು ನೋಡಿದ್ದೇವೆ. ಗಾರೆ ಆ ಕುಳಿಗಳೊಳಗೆ ಇಳಿದು ಬೇರು ಬಿಟ್ಟಂತೆ ನಿಲ್ಲುತ್ತದೆ. ಕಾರ್ಖಾನೆಯಲ್ಲಿಯೂ ಇದೇ ನಡೆಯುತ್ತದೆ. ಅಲ್ಯುಮಿನಿಯಂ ಮೇಲ್ಮೈಗೆ ಸೂಕ್ಷ್ಮ ಕಣಗಳನ್ನು ರಭಸದಿಂದ ಎರಚಿ ಒರಟು ಮಾಡುತ್ತಾರೆ. ಮೊದಲು ಬಳಿಯುವ ತಳಪದರದಲ್ಲಿ ಪಿಟಿಎಫ್‌ಇ ಜೊತೆಗೆ ಲೋಹವನ್ನು ಹಿಡಿದುಕೊಳ್ಳಬಲ್ಲ ಬೇರೊಂದು ಶಾಖಸಹಿಷ್ಣು ರಾಳವೂ ಇರುತ್ತದೆ. ಅದರ ಮೇಲೆ ಗಟ್ಟಿತನಕ್ಕಾಗಿ ಖನಿಜದ ಕಣಗಳನ್ನು ಬೆರೆಸಿದ ನಡುಪದರ, ಎಲ್ಲಕ್ಕಿಂತ ಮೇಲೆ ಜಾರುವ ಪಿಟಿಎಫ್‌ಇ ಹೆಚ್ಚಾಗಿರುವ ಮೇಲ್ಪದರ. ಬಳಿಕ ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಸ್ವಲ್ಪ ಹೊತ್ತು ಬೇಯಿಸಿದಾಗ ಕಣಗಳು ಕರಗಿ ಒಂದಾಗಿ ಪೊರೆಯಾಗುತ್ತವೆ.

ಇಷ್ಟೆಲ್ಲ ಸೇರಿದರೂ ಲೇಪನದ ಒಟ್ಟು ದಪ್ಪ ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್, ಅಂದರೆ ತಲೆಗೂದಲೊಂದರ ದಪ್ಪಕ್ಕಿಂತಲೂ ಕಡಿಮೆ. ಅದರಲ್ಲಿಯೂ ನಿಜವಾಗಿ ಜಾರುವ ಮೇಲ್ಪದರ ಇನ್ನೂ ತೆಳು. ಕಾವಲಿಯ ಬೆಲೆ ಎಷ್ಟೇ ಇರಲಿ, ಅದರ ಬಾಳಿಕೆಯೆಲ್ಲ ಈ ಕೂದಲೆಳೆಯಷ್ಟು ದಪ್ಪದೊಳಗೆ ಅಡಗಿದೆ ಎಂಬುದನ್ನು ಮರೆಯಬಾರದು. ಅಗ್ಗದ ಪಾತ್ರೆಗಳಲ್ಲಿ ಚಪ್ಪಟೆ ತಗಡಿನ ಮೇಲೆ ಮೊದಲೇ ಲೇಪನವನ್ನು ಉರುಳೆಯಿಂದ ಬಳಿದು, ಆಮೇಲೆ ತಗಡನ್ನು ಒತ್ತಿ ಬಾಣಲೆಯ ಆಕಾರಕ್ಕೆ ತರುವುದುಂಟು. ಹೀಗೆ ಒತ್ತುವಾಗ ಬಾಗುವ ಕಡೆಗಳಲ್ಲಿ ಪದರ ಎಳೆತಕ್ಕೆ ಸಿಕ್ಕುತ್ತದೆ. ಪಾತ್ರೆಯ ಆಕಾರ ಪೂರ್ತಿಯಾದ ಮೇಲೆ ಲೇಪನವನ್ನು ಸಿಂಪಡಿಸುವ ವಿಧಾನಕ್ಕೆ ಖರ್ಚು ಹೆಚ್ಚು. ಆದರೆ ಪದರ ದಪ್ಪವಾಗಿ ಕೂರುತ್ತದೆ.

ಗೀರಿಗಿಂತ ಮೊದಲು ಕೆಡಿಸುವುದು ಶಾಖ

ನಾನ್‌ಸ್ಟಿಕ್ ಪಾತ್ರೆಯ ವಿಷಯದಲ್ಲಿ ಎಲ್ಲರೂ ಹೇಳುವ ಎಚ್ಚರಿಕೆ ಒಂದೇ: ಸ್ಟೀಲಿನ ಚಮಚ ತಾಗಿಸಬೇಡಿ. ಆ ಮಾತು ಸರಿಯಾದದ್ದೇ. ಆದರೆ ಅದೊಂದನ್ನೇ ಹೇಳುತ್ತ ಬಂದದ್ದರಿಂದ ಅದಕ್ಕಿಂತ ದೊಡ್ಡ ಕಾರಣ ಮರೆಗೆ ಸರಿದಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಮರದ ಸಟ್ಟುಗವನ್ನೇ ಬಳಸಿ, ಮೆತ್ತನೆಯ ಬಟ್ಟೆಯಿಂದಲೇ ತೊಳೆದ ಕಾವಲಿಯೂ ಎರಡು ವರ್ಷದಲ್ಲಿ ಸೋಲುತ್ತದೆಂದರೆ, ಅಲ್ಲಿ ಕೆಲಸ ಮಾಡಿರುವುದು ಹೆಚ್ಚಾಗಿ ಶಾಖವೇ.

ಪಿಟಿಎಫ್‌ಇ ಸುಮಾರು 327 ಡಿಗ್ರಿಯಲ್ಲಿ ಕರಗುತ್ತದೆ. ಆದರೆ ಅಲ್ಲಿಯವರೆಗೆ ಅದು ಏನೂ ಆಗದೆ ಉಳಿಯುತ್ತದೆ ಎಂದರ್ಥವಲ್ಲ. ದೀರ್ಘಕಾಲದ ಬಳಕೆಗೆ ತಯಾರಕರು ಸಾಮಾನ್ಯವಾಗಿ ಒಪ್ಪುವ ಮಿತಿ ಸುಮಾರು 260 ಡಿಗ್ರಿ. ಅದನ್ನು ದಾಟಿದ ಮೇಲೆ ಸರಪಳಿಗಳು ಅತಿ ನಿಧಾನವಾಗಿ ತುಂಡಾಗತೊಡಗುತ್ತವೆ. 350 ಡಿಗ್ರಿಯ ಸುಮಾರಿಗೆ ಈ ಒಡೆಯುವಿಕೆ ತೀವ್ರವಾಗಿ ಹಾನಿಕರ ಹೊಗೆ ಏಳುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಇನ್ನೂ ಕೆಳಗೆ, 170 ಡಿಗ್ರಿಯಲ್ಲಿಯೇ ಎಚ್ಚರಿಕೆಯ ಗೆರೆ ಎಳೆದಿದೆ. ಈ ಸಂಖ್ಯೆಗಳು ಒಂದಕ್ಕೊಂದು ವಿರುದ್ಧವೆಂದು ಕಂಡರೂ ಅವುಗಳ ತಾತ್ಪರ್ಯ ಒಂದೇ ದಿಕ್ಕಿನದು: ಉರಿ ಕಡಿಮೆಯಿದ್ದಷ್ಟೂ ಲೇಪನಕ್ಕೂ ಅಡುಗೆಯವರಿಗೂ ಕ್ಷೇಮ.

ಪಾತ್ರೆಯಲ್ಲಿ ಪದಾರ್ಥವಿದ್ದಾಗ ಈ ಮಿತಿ ದಾಟುವುದು ಸುಲಭವಲ್ಲ. ಪಲ್ಯದಲ್ಲಾಗಲಿ ಹಿಟ್ಟಿನಲ್ಲಾಗಲಿ ಇರುವ ನೀರು ಆವಿಯಾಗುತ್ತ ಶಾಖವನ್ನು ಹೊತ್ತೊಯ್ಯುತ್ತದೆ. ನೀರಿನಂಶ ಇರುವವರೆಗೆ ಅಡುಗೆ 100 ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಬರಿ ಪಾತ್ರೆಗೆ ಇಂಥ ಕಾವಲುಗಾರನಿಲ್ಲ. ತೆಳುವಾದ ಅಲ್ಯುಮಿನಿಯಂ ಕಾವಲಿಯನ್ನು ದೊಡ್ಡ ಉರಿಯ ಮೇಲೆ ಬರಿದಾಗಿ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಅದರ ನಡುಭಾಗ 260 ಡಿಗ್ರಿಯನ್ನು ದಾಟಬಲ್ಲದು. ಇಂಡಕ್ಷನ್ ಒಲೆಯಲ್ಲಿ ಪಾತ್ರೆಯ ತಳವೇ ಬಿಸಿಯಾಗುವುದರಿಂದ ಇದು ಇನ್ನೂ ಬೇಗ ನಡೆಯಬಹುದು. ಅಲ್ಲಿ ಕಣ್ಣಿಗೆ ಕಾಣುವ ಜ್ವಾಲೆಯ ಎಚ್ಚರಿಕೆಯೂ ಇರುವುದಿಲ್ಲ.

ನಮ್ಮ ಮನೆಗಳಲ್ಲಿ ದೋಸೆ ಹುಯ್ಯುವ ಕ್ರಮವನ್ನು ಈಗ ನೆನಪಿಸಿಕೊಳ್ಳೋಣ. ಮೊದಲು ಬರಿಯ ಕಾವಲಿಯನ್ನು ಚೆನ್ನಾಗಿ ಕಾಯಿಸಬೇಕು. ಕಾದಿದೆಯೇ ಎಂದು ನೋಡಲು ತಣ್ಣೀರು ಚಿಮುಕಿಸಬೇಕು. ಅರ್ಧ ಹೋಳು ಈರುಳ್ಳಿಯಿಂದ ಎಣ್ಣೆ ಸವರಬೇಕು. ಒಂದು ದೋಸೆ ತೆಗೆದು ಮುಂದಿನದನ್ನು ಹುಯ್ಯುವ ಮೊದಲು ಮತ್ತೆ ನೀರು ಚಿಮುಕಿಸಿ ಕಾವು ಇಳಿಸಬೇಕು. ಈ ಎಲ್ಲ ನಡೆಗಳೂ ಕಬ್ಬಿಣದ ಕಾವಲಿಗಾಗಿ ರೂಪುಗೊಂಡವು, ಮತ್ತು ಅಲ್ಲಿ ಅವು ಸಂಪೂರ್ಣ ಸರಿ. ಕಬ್ಬಿಣದ ಕಾವಲಿಯ ಮೇಲಿನ ಕಪ್ಪು ಪೊರೆ ಎಣ್ಣೆಯೇ ಕಾದು ಗಟ್ಟಿಯಾಗಿ ಆದದ್ದು. ಅದು ಕೆಟ್ಟರೆ ಮತ್ತೆ ಎಣ್ಣೆ ಹಚ್ಚಿ ಪಳಗಿಸಬಹುದು, ಬಳಸಿದಷ್ಟೂ ಅದು ಉತ್ತಮವಾಗುತ್ತದೆ. ನಾನ್‌ಸ್ಟಿಕ್ ಕಾವಲಿಯ ಕತೆ ಇದಕ್ಕೆ ತದ್ವಿರುದ್ಧ. ಅದರ ಅತ್ಯುತ್ತಮ ದಿನವೆಂದರೆ ಅಂಗಡಿಯಿಂದ ತಂದ ಮೊದಲ ದಿನ. ಅಲ್ಲಿಂದ ಮುಂದೆ ಇಳಿಜಾರು ಮಾತ್ರ, ಆ ಇಳಿಜಾರು ಎಷ್ಟು ನಿಧಾನ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಪಾತ್ರೆ ಬದಲಾಯಿತು, ಆದರೆ ಕೈಯ ರೂಢಿ ಬದಲಾಗಲಿಲ್ಲ.

ತಣ್ಣೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ವಸ್ತುಗಳು ಕಾದಾಗ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. 28 ಸೆಂಟಿಮೀಟರ್ ಅಗಲದ ಅಲ್ಯುಮಿನಿಯಂ ಕಾವಲಿಯ ಉಷ್ಣತೆ 200 ಡಿಗ್ರಿಯಷ್ಟು ಏರಿದರೆ ಅದರ ಅಗಲ ಸುಮಾರು 1.3 ಮಿಲಿಮೀಟರ್ ಹೆಚ್ಚುತ್ತದೆ. ಪಿಟಿಎಫ್‌ಇ ಹಿಗ್ಗುವ ಪ್ರಮಾಣ ಅಲ್ಯುಮಿನಿಯಮ್ಮಿನದಕ್ಕಿಂತ ಸುಮಾರು ಐದು ಪಟ್ಟು. ಒಂದಕ್ಕೊಂದು ಬಿಗಿದುಕೊಂಡಿರುವ ಎರಡು ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಲು ಹವಣಿಸುವುದರಿಂದ ಅವುಗಳ ನಡುವಿನ ಹಿಡಿತದ ಮೇಲೆ ಪ್ರತಿ ಬಾರಿಯೂ ಎಳೆತ ಬೀಳುತ್ತದೆ. ನಿಧಾನವಾಗಿ ಕಾದು ನಿಧಾನವಾಗಿ ಆರಿದರೆ ಈ ಎಳೆತವನ್ನು ಲೇಪನ ತಾಳಿಕೊಳ್ಳುತ್ತದೆ. ಕಾದ ಕಾವಲಿಯನ್ನು ನೇರವಾಗಿ ನಲ್ಲಿಯ ಕೆಳಗೆ ಹಿಡಿದರೆ ಮೇಲ್ಮೈ ಕ್ಷಣದಲ್ಲಿ ಕುಗ್ಗುತ್ತದೆ, ತಳ ಇನ್ನೂ ಹಿಗ್ಗಿಯೇ ಇರುತ್ತದೆ; ತೆಳು ಪಾತ್ರೆಯ ತಳ ಹೀಗೆಯೇ ಡೊಂಕಾಗುವುದು. ಒಮ್ಮೆ ಡೊಂಕಾದ ಕಾವಲಿ ಒಲೆಯ ಮೇಲೆ ಸಮನಾಗಿ ಕೂರುವುದಿಲ್ಲ, ಕೆಲವು ಕಡೆ ಅತಿಯಾಗಿ ಕಾಯುತ್ತದೆ, ಅಲ್ಲಿ ಲೇಪನ ಇನ್ನಷ್ಟು ಬೇಗ ಸೋಲುತ್ತದೆ. ದೋಸೆಗಳ ನಡುವೆ ಕಾವು ಇಳಿಸಬೇಕಾದರೆ ಉರಿಯನ್ನು ತಗ್ಗಿಸಿ ಅರೆಕ್ಷಣ ಕಾಯುವುದು, ಇಲ್ಲವೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸುವುದು ನೀರು ಸುರಿಯುವುದಕ್ಕಿಂತ ಮೇಲು.

ಆರಂಭದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಮನೆಯ ಸಾಮಾನ್ಯ ಬರ್ನರ್ ಕಾವಲಿಯ ಅಗಲಕ್ಕಿಂತ ಬಹಳ ಚಿಕ್ಕದು. ಜ್ವಾಲೆಯ ಹೆಚ್ಚಿನ ಭಾಗ ನಡುವಿಗೆ ತಾಗುತ್ತದೆ, ಅಂಚಿನವರೆಗೆ ಶಾಖ ಹರಿಯುವಷ್ಟರಲ್ಲಿ ನಡುಭಾಗ ಎಷ್ಟೋ ಹೆಚ್ಚು ಕಾದಿರುತ್ತದೆ. ಹಿಟ್ಟು ಮೊದಲು ಬೀಳುವುದು, ಸೌಟಿನ ತಳ ಒತ್ತಿ ಸುತ್ತತೊಡಗುವುದು ಕೂಡ ಅಲ್ಲಿಯೇ. ಶಾಖವೂ ಉಜ್ಜುವಿಕೆಯೂ ಒಂದೇ ಜಾಗದಲ್ಲಿ ಸೇರಿದಾಗ ಲೇಪನ ಅಲ್ಲಿಂದಲೇ ಸವೆಯುತ್ತದೆ. ದಪ್ಪ ತಳದ ಕಾವಲಿ ಹೆಚ್ಚು ಕಾಲ ಬಾಳುವುದರ ಗುಟ್ಟು ಲೇಪನದಲ್ಲಿ ಮಾತ್ರ ಇಲ್ಲ. 3 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ ಅಲ್ಯುಮಿನಿಯಂ ಶಾಖವನ್ನು ಬದಿಗೆ ಹಂಚುತ್ತದೆ, ಸುಲಭವಾಗಿ ಡೊಂಕಾಗುವುದೂ ಇಲ್ಲ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಸಿಗುವ ಭಾರ ಪೆಟ್ಟಿಗೆಯ ಮೇಲಿನ ಬಣ್ಣದ ಬರಹಕ್ಕಿಂತ ಹೆಚ್ಚು ನಂಬಬಹುದಾದ ಸೂಚನೆ.

ಚಪಾತಿಯ ಬಗ್ಗೆ ಒಂದು ಮಾತು. ಎಣ್ಣೆಯಿಲ್ಲದೆ ಒಣ ಚಪಾತಿ ಸುಡಲು ಕಾವಲಿ ಬಹಳ ಹೊತ್ತು ಹೆಚ್ಚು ಕಾದಿರಬೇಕಾಗುತ್ತದೆ. ಒಂದು ಚಪಾತಿಗೂ ಇನ್ನೊಂದಕ್ಕೂ ನಡುವೆ ಅದು ಬರಿದಾಗಿ ಕಾಯುತ್ತಲೇ ಇರುತ್ತದೆ. ಈ ಕೆಲಸಕ್ಕೆ ಕಬ್ಬಿಣದ ಕಾವಲಿಯೇ ತಕ್ಕದ್ದು. ಚಪಾತಿ ಅದಕ್ಕೆ ಅಂಟುವುದೂ ಇಲ್ಲ.

ಗೀರು ಮತ್ತು ಉಜ್ಜುವಿಕೆ

ಪಿಟಿಎಫ್‌ಇ ಗಟ್ಟಿಯಾದ ಬಂಧಗಳಿಂದಾಗಿದ್ದರೂ ವಸ್ತುವಾಗಿ ಮೆದು. ಜಾರುವುದಕ್ಕೂ ಮೆದುವಾಗಿರುವುದಕ್ಕೂ ಕಾರಣ ಒಂದೇ: ಅದರ ಸರಪಳಿಗಳು ಹೊರಗಿನ ವಸ್ತುವನ್ನು ಹೇಗೆ ಹಿಡಿಯುವುದಿಲ್ಲವೋ ಹಾಗೆಯೇ ಪರಸ್ಪರವೂ ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಕಾದಾಗ ಅದು ಇನ್ನಷ್ಟು ಮೆದುವಾಗುತ್ತದೆ. ಆದ್ದರಿಂದ ತಣ್ಣಗಿರುವಾಗ ತಾಳಿಕೊಳ್ಳುವ ಸ್ಟೀಲ್ ಸಟ್ಟುಗದ ಅಂಚನ್ನು ಕಾದಾಗ ತಾಳಲಾರದು.

ಲೇಪನ ತಯಾರಿಸುವವರಿಗೂ ಇದು ಗೊತ್ತಿರುವುದರಿಂದ ಪ್ರಯೋಗಾಲಯಗಳಲ್ಲಿ ಪಾತ್ರೆಗಳನ್ನು ಕಠಿಣ ಪರೀಕ್ಷೆಗೆ ಒಡ್ಡುತ್ತಾರೆ. ಒಂದು ಪರೀಕ್ಷೆಯಲ್ಲಿ ನಿಗದಿತ ಭಾರ ಹೇರಿದ ಹಸಿರು ಸ್ಕ್ರಬ್ಬರನ್ನು ಯಂತ್ರವು ಸಾವಿರಾರು ಸಲ ಹಿಂದೆ ಮುಂದೆ ಉಜ್ಜುತ್ತದೆ, ಲೋಹ ಯಾವಾಗ ಕಾಣತೊಡಗುತ್ತದೆಂದು ಎಣಿಸುತ್ತಾರೆ. ಹುಲಿ ಪಂಜ ಎಂದು ಕರೆಯುವ ಇನ್ನೊಂದು ಪರೀಕ್ಷೆಯಲ್ಲಿ ಬಾಲ್‌ಪೆನ್ನಿನ ಮೊನೆಗಳನ್ನು ಕಟ್ಟಿದ ಭಾರವಾದ ಸಾಧನ ಕಾದ ಪಾತ್ರೆಯ ಮೇಲೆ ಸುತ್ತುತ್ತದೆ. ಮನೆಯಲ್ಲಿ ಪಾತ್ರೆ ತೊಳೆಯಲು ನಾವು ಬಳಸುವ ಹಸಿರು ಸ್ಕ್ರಬ್ಬರಿನಲ್ಲಿ ಉಜ್ಜುವುದಕ್ಕೆಂದೇ ಸೇರಿಸಿದ ಖನಿಜದ ಕಣಗಳಿರುತ್ತವೆ. ಲೇಪನ ಎಷ್ಟು ಬೇಗ ಹಾಳಾಗುತ್ತದೆಂದು ಅಳೆಯಲು ಪ್ರಯೋಗಾಲಯ ಆರಿಸಿಕೊಂಡ ಸಲಕರಣೆಯನ್ನೇ ನಾವು ದಿನವೂ ಕೈಗೆತ್ತಿಕೊಳ್ಳುತ್ತಿದ್ದೇವೆ ಎಂಬುದನ್ನು ಗಮನಿಸಬೇಕು. ಮೆತ್ತನೆಯ ಸ್ಪಂಜು, ತೆಂಗಿನ ನಾರಿಲ್ಲದ ಬಟ್ಟೆ, ಸ್ವಲ್ಪ ಸೋಪಿನ ನೀರು ಇದ್ದರೆ ಸಾಕು.

ಪಾತ್ರೆಯನ್ನು ಒಂದರ ಮೇಲೊಂದು ಪೇರಿಸಿಡುವಾಗ ಮೇಲಿನದರ ತಳ ಕೆಳಗಿನದರ ಲೇಪನವನ್ನು ಕೆರೆಯುತ್ತದೆ. ನಡುವೆ ಒಂದು ಬಟ್ಟೆಯೋ ಕಾಗದವೋ ಇದ್ದರೆ ಇದು ತಪ್ಪುತ್ತದೆ.

ಅಂಟಿದ್ದೆಲ್ಲ ಸವೆತವಲ್ಲ

ದೋಸೆ ಕಚ್ಚತೊಡಗಿತೆಂದ ಮಾತ್ರಕ್ಕೆ ಲೇಪನ ಹೋಯಿತೆಂದು ತೀರ್ಮಾನಿಸುವುದು ಅವಸರವಾಗುತ್ತದೆ. ಹಲವು ಸಲ ಲೇಪನ ಕೆಳಗೆ ಚೆನ್ನಾಗಿಯೇ ಇರುತ್ತದೆ. ಅದರ ಮೇಲೆ ಬೇರೊಂದು ಪೊರೆ ಕೂತಿರುತ್ತದೆ. ತೆಳುವಾಗಿ ಸವರಿದ ಎಣ್ಣೆ ಹೆಚ್ಚು ಕಾದಾಗ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಅಂಟಾದ ಕಂದುಬಣ್ಣದ ಪದರವಾಗುತ್ತವೆ. ಕಬ್ಬಿಣದ ಕಾವಲಿಯನ್ನು ಪಳಗಿಸುವಾಗ ನಮಗೆ ಬೇಕಾದದ್ದು ಈ ಕ್ರಿಯೆಯೇ. ನಾನ್‌ಸ್ಟಿಕ್ ಮೇಲೆ ಅದೇ ಕ್ರಿಯೆ ತೊಂದರೆ ಕೊಡುತ್ತದೆ, ಏಕೆಂದರೆ ಹಿಟ್ಟು ಈಗ ತಾಗುತ್ತಿರುವುದು ಜಾರುವ ಲೇಪನಕ್ಕಲ್ಲ, ಅದರ ಮೇಲೆ ಅರೆಬರೆಯಾಗಿ ಗಟ್ಟಿಯಾದ ಎಣ್ಣೆಗೆ. ಡಬ್ಬಿಯಿಂದ ಸಿಂಪಡಿಸುವ ಅಡುಗೆ ಎಣ್ಣೆಯಲ್ಲಿ ಇರುವ ಲೆಸಿಥಿನ್ ಇಂಥ ಪೊರೆಯನ್ನು ಬೇಗ ಕಟ್ಟುತ್ತದೆ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಕಾವಲಿ ತಣ್ಣಗಿರುವಾಗ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಮುದ್ದೆಯಂತೆ ಮಾಡಿ ಬಳಿದು, ಅರ್ಧ ಗಂಟೆ ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಒರೆಸಿ ತೊಳೆಯಬೇಕು. ಆಳವಾದ ಬಾಣಲೆಯಾದರೆ ಸೋಡಾ ಹಾಕಿದ ನೀರನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ ಆರಲು ಬಿಡಬಹುದು. ಬಳಿಕ ಪೂರ್ತಿ ಒಣಗಿಸಿ ಅಲ್ಲಲ್ಲಿ ಒಂದೊಂದು ಹನಿ ನೀರು ಹಾಕಿ ನೋಡಬೇಕು. ಹನಿಯು ಕೆಸುವಿನ ಎಲೆಯ ಮೇಲಿನ ನೀರಿನಂತೆ ಉಬ್ಬಿ ನಿಂತು, ಕಾವಲಿಯನ್ನು ಓರೆ ಮಾಡಿದಾಗ ಜಾರಿದರೆ ಅಲ್ಲಿ ಲೇಪನ ಇದೆ. ಚಪ್ಪಟೆಯಾಗಿ ಹರಡಿ ಅಲ್ಲಿಯೇ ನಿಂತರೆ ಒಂದೋ ಪೊರೆ ಇನ್ನೂ ಹೋಗಿಲ್ಲ, ಇಲ್ಲವೆ ಮೇಲ್ಪದರ ಮುಗಿದಿದೆ. ನಡುವೆಯೂ ಅಂಚಿನಲ್ಲಿಯೂ ಹನಿ ಹಾಕಿ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಸೆರಾಮಿಕ್, ಗ್ರಾನೈಟ್ ಮತ್ತು ಇತರ ಹೆಸರುಗಳು

ಗ್ರಾನೈಟ್, ಮಾರ್ಬಲ್, ಸ್ಟೋನ್, ಡೈಮಂಡ್ ಎಂಬ ಹೆಸರುಗಳನ್ನು ಹೊತ್ತ ಪಾತ್ರೆಗಳು ಕಲ್ಲಿನಿಂದ ಮಾಡಿದವಲ್ಲ. ಹೆಚ್ಚಿನವು ಪಿಟಿಎಫ್‌ಇ ಲೇಪನದವೇ; ಚುಕ್ಕೆಚುಕ್ಕೆಯ ಬಣ್ಣ ಕಲ್ಲಿನ ನೋಟ ಕೊಡುತ್ತದೆ, ಕೆಲವದರಲ್ಲಿ ಗಟ್ಟಿ ಕಣಗಳನ್ನು ಬೆರೆಸಿರುವುದು ನಿಜ. ಅಂಥ ಕಣಗಳು ಸವೆತವನ್ನು ನಿಧಾನಗೊಳಿಸುತ್ತವೆ, ಶಾಖದ ಮಿತಿಯನ್ನು ಬದಲಾಯಿಸುವುದಿಲ್ಲ.

ಸೆರಾಮಿಕ್ ಎನ್ನುವುದು ಬೇರೆಯದೇ ವರ್ಗ. ಅದರಲ್ಲಿ ಫ್ಲೋರಿನ್ ಇರುವುದಿಲ್ಲ. ಮರಳಿನ ಮೂಲವಸ್ತುವಾದ ಸಿಲಿಕಾದ ಜಾಲವನ್ನು ದ್ರವರೂಪದಿಂದ ಗಟ್ಟಿಯಾಗಿಸಿ ಮಾಡಿದ ಲೇಪನ ಅದು. ಹೆಚ್ಚು ಶಾಖದಲ್ಲಿ ಟೆಫ್ಲಾನಿನಂತೆ ಹಾನಿಕರ ಹೊಗೆ ಬಿಡುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಬಾಳಿಕೆಯಲ್ಲಿ ಅದು ಹಿಂದೆ. ಸಿಲಿಕಾದ ಜಾಲ ತಾನಾಗಿ ಜಾರುವಂಥದ್ದಲ್ಲ. ನೀರು ಎಣ್ಣೆಗಳನ್ನು ದೂರ ತಳ್ಳುವ ಸಿಲಿಕೋನಿನಂಥ ಗುಂಪುಗಳು ಅದರ ಮೇಲ್ಮೈಯಲ್ಲಿ ಇರುವುದರಿಂದ ಅದು ಜಾರುತ್ತದೆ. ಪ್ರತಿ ಬಾರಿ ಕಾದಾಗಲೂ ಅವು ಸ್ವಲ್ಪ ಸ್ವಲ್ಪವಾಗಿ ನಶಿಸುತ್ತವೆ. ಹೀಗಾಗಿ ಸೆರಾಮಿಕ್ ಪಾತ್ರೆ ನೋಡಲು ಹೊಸದರಂತೆಯೇ ಇದ್ದು, ಒಂದು ಗೀರೂ ಇಲ್ಲದೆ, ವರ್ಷದೊಳಗೆ ಮೊಟ್ಟೆ ಕಚ್ಚತೊಡಗುವುದು ಸಾಮಾನ್ಯ ಅನುಭವ. ಹೆಚ್ಚು ಶಾಖ ತಾಳುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಅದು ಸುಡುವುದಿಲ್ಲ ಎಂಬರ್ಥದಲ್ಲಿ ನಿಜ. ಅಂಟದ ಗುಣ ಉಳಿಯುತ್ತದೆ ಎಂಬರ್ಥದಲ್ಲಿ ಅಲ್ಲ.

ಹಾರ್ಡ್ ಅನೊಡೈಸ್ಡ್ ಎಂಬ ಪದವೂ ಗೊಂದಲ ಹುಟ್ಟಿಸುತ್ತದೆ. ಆಮ್ಲದ ದ್ರಾವಣದಲ್ಲಿ ವಿದ್ಯುತ್ ಹರಿಸಿ ಅಲ್ಯುಮಿನಿಯಮ್ಮಿನ ಮೇಲ್ಮೈಯನ್ನೇ ಗಟ್ಟಿಯಾದ ಆಕ್ಸೈಡಾಗಿ ಪರಿವರ್ತಿಸುವುದಕ್ಕೆ ಆ ಹೆಸರು; ಮಾಣಿಕ್ಯದ ಹರಳೂ ಮೂಲತಃ ಇದೇ ಆಕ್ಸೈಡ್. ಅದು ಗಟ್ಟಿ, ಆದರೆ ತಾನಾಗಿ ನಾನ್‌ಸ್ಟಿಕ್ ಅಲ್ಲ. ಅದರ ಮೇಲೆ ಲೇಪನ ಹಾಕಿದ ಪಾತ್ರೆಗಳೂ ಸಿಗುತ್ತವೆ. ಅಡಿಪಾಯ ಗಟ್ಟಿಯಾಗಿರುವುದರಿಂದ ಅಂಥವು ಸಾಮಾನ್ಯವಾಗಿ ಹೆಚ್ಚು ತಾಳುತ್ತವೆ.

ಆರೋಗ್ಯದ ಪ್ರಶ್ನೆಗಳು

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದಾಗಿ ಬೆರೆತು ಭಯ ಹುಟ್ಟಿಸುತ್ತವೆ. ಅವುಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲನೆಯದು ಹೊಗೆ. ಅತಿಯಾಗಿ ಕಾದ ಪಿಟಿಎಫ್‌ಇಯ ಹೊಗೆ ಉಸಿರಿನೊಳಗೆ ಹೋದರೆ ಕೆಲವು ಗಂಟೆಗಳ ಬಳಿಕ ಜ್ವರ, ನಡುಕ, ಕೆಮ್ಮು, ಎದೆ ಬಿಗಿತ ಕಾಣಿಸಬಹುದು. ಪಾಲಿಮರ್ ಹೊಗೆ ಜ್ವರ ಎಂದು ಇದನ್ನು ಕರೆಯುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಉಸಿರಾಟದ ವ್ಯವಸ್ಥೆ ಅತ್ಯಂತ ಸೂಕ್ಷ್ಮವಾಗಿರುವ ಪಕ್ಷಿಗಳಿಗೆ ಇದೇ ಹೊಗೆ ಮಾರಕ. ಮನೆಯಲ್ಲಿ ಗಿಳಿ ಅಥವಾ ಬೇರೆ ಹಕ್ಕಿ ಸಾಕಿದವರು ಅದರ ಪಂಜರವನ್ನು ಅಡುಗೆಮನೆಯ ಹತ್ತಿರ ಇಡಲೇಬಾರದು.

ಎರಡನೆಯದು ಪಿಎಫ್‌ಒಎ. ಇದು ಲೇಪನವಲ್ಲ; ಪಿಟಿಎಫ್‌ಇ ತಯಾರಿಸುವಾಗ ನೆರವಿಗೆ ಬಳಸುತ್ತಿದ್ದ ಬೇರೊಂದು ರಾಸಾಯನಿಕ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಕಾರ್ಖಾನೆಯಿಂದ ಇದು ಕುಡಿಯುವ ನೀರಿಗೆ ಸೇರಿ ದೊಡ್ಡ ಕಾನೂನು ಹೋರಾಟವೇ ನಡೆಯಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ 2006ರ ಕಾರ್ಯಕ್ರಮದಂತೆ ಎಂಟು ಪ್ರಮುಖ ಕಂಪನಿಗಳು 2015ರೊಳಗೆ ಇದರ ಬಳಕೆ ನಿಲ್ಲಿಸಲು ಒಪ್ಪಿದವು. ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಕಾರಿ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆಯಾದ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ 2019ರಲ್ಲಿ ಅದು ಸೇರಿತು. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಪೆಟ್ಟಿಗೆಯ ಮೇಲೆ ಪಿಎಫ್‌ಒಎ ಮುಕ್ತ ಎಂದು ಬರೆದಿದ್ದರೆ ಅದರರ್ಥ ಇಷ್ಟೇ: ತಯಾರಿಯಲ್ಲಿ ಈ ರಾಸಾಯನಿಕ ಬಳಸಿಲ್ಲ. ಪಿಟಿಎಫ್‌ಇ ಇಲ್ಲ ಎಂದಾಗಲಿ, ಹೆಚ್ಚು ಬಾಳುತ್ತದೆ ಎಂದಾಗಲಿ ಅದು ಹೇಳುವುದಿಲ್ಲ. ಇಂಥ ಫ್ಲೋರಿನ್ ಸಂಯುಕ್ತಗಳು ಪರಿಸರದಲ್ಲಿ ಕರಗದೆ ಉಳಿಯುತ್ತವೆ ಎಂಬ ಕಾರಣಕ್ಕೆ ಅಮೆರಿಕದ ಮಿನೆಸೋಟ ರಾಜ್ಯ 2025ರ ಜನವರಿ 1ರಿಂದ ಅವುಗಳನ್ನು ಉದ್ದೇಶಪೂರ್ವಕವಾಗಿ ಬಳಸಿದ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಷೇಧಿಸಿದೆ.

ಮೂರನೆಯದು ಕಿತ್ತುಬಂದ ಚೂರುಗಳು ಹೊಟ್ಟೆಗೆ ಹೋಗುವುದು. ಕಣ್ಣಿಗೆ ಕಾಣುವ ಚೂರುಗಳು ಜೀರ್ಣವಾಗದೆ, ದೇಹದಲ್ಲಿ ಯಾವುದರೊಡನೆಯೂ ವರ್ತಿಸದೆ ಹೊರಹೋಗುತ್ತವೆ ಎಂಬುದು ಬಹುಕಾಲದಿಂದ ಒಪ್ಪಿತವಾದ ತಿಳಿವಳಿಕೆ. ಕಣ್ಣಿಗೆ ಕಾಣದ ಕಣಗಳ ಬಗ್ಗೆ 2022ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು ಒಂದು ಬಿರುಕಿನಿಂದ ಸುಮಾರು 9,100 ಕಣಗಳೂ, ಪೂರ್ತಿ ಕಿತ್ತ ಲೇಪನದಿಂದ 20 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಕಣಗಳೂ ಬಿಡುಗಡೆಯಾಗಬಹುದೆಂದು ಅಂದಾಜಿಸಿತು. ಅಧ್ಯಯನ ಅಳೆದದ್ದು ಕಣಗಳ ಸಂಖ್ಯೆಯನ್ನು, ಅವುಗಳಿಂದ ಆಗುವ ಕಾಯಿಲೆಯನ್ನಲ್ಲ. ಆದರೂ ಗೀರು ಬಿದ್ದ ಪಾತ್ರೆಯನ್ನು ಮುಂದುವರಿಸದಿರಲು ಇದೊಂದು ಸಕಾರಣ. ಲೇಪನ ಹೋದಲ್ಲಿ ಬರಿಯ ಅಲ್ಯುಮಿನಿಯಂ ತೆರೆದುಕೊಳ್ಳುತ್ತದೆ ಎಂಬುದು ಇನ್ನೊಂದು. ಹುಣಸೆಹುಳಿ, ಟೊಮೆಟೊ, ಮಜ್ಜಿಗೆಯಂಥ ಹುಳಿ ಪದಾರ್ಥಗಳಿಗೆ ಅದು ಕರಗಿ ಸೇರುತ್ತದೆ.

ಎಷ್ಟು ವರ್ಷ, ಮತ್ತು ಬಿಡುವುದು ಯಾವಾಗ?

ಪಿಟಿಎಫ್‌ಇ ಪಾತ್ರೆಗೆ ಮೂರರಿಂದ ಐದು ವರ್ಷ, ಸೆರಾಮಿಕ್‌ಗೆ ಒಂದರಿಂದ ಎರಡು ವರ್ಷ ಎಂಬ ಲೆಕ್ಕ ವ್ಯಾಪಕವಾಗಿ ಚಾಲ್ತಿಯಲ್ಲಿದೆ. ವರ್ಷಗಳ ಈ ಲೆಕ್ಕ ಅರ್ಧ ಸತ್ಯ. ನಾಲ್ಕು ಜನರ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ತಲೆಗೆ ಮೂರರಂತೆ ದೋಸೆ ಹುಯ್ದರೆ ವರ್ಷಕ್ಕೆ ಸುಮಾರು 2,500 ದೋಸೆಗಳಾಗುತ್ತವೆ. ವಾರಕ್ಕೆರಡು ಸಲ ಆಮ್ಲೆಟ್ ಮಾಡುವ ಬಾಣಲೆಗೆ ವರ್ಷವಿಡೀ ನೂರು ಸಲವಷ್ಟೇ ಕೆಲಸ. ಎರಡಕ್ಕೂ ಒಂದೇ ಆಯುಸ್ಸು ಹೇಳುವುದು ಸರಿಯಾಗದು. ಪಾತ್ರೆ ಕೊಂಡ ದಿನಾಂಕಕ್ಕಿಂತ ಅದರ ಮೇಲ್ಮೈಯನ್ನು ನಂಬುವುದು ಮೇಲು.

ಒಳಗಿನ ಲೋಹ ಎಲ್ಲಿಯಾದರೂ ಹೊಳೆಯುತ್ತಿದ್ದರೆ, ಪದರ ಗುಳ್ಳೆಯೆದ್ದಿದ್ದರೆ ಅಥವಾ ಸಿಪ್ಪೆಯಂತೆ ಏಳುತ್ತಿದ್ದರೆ, ಬೆರಳಾಡಿಸಿದಾಗ ಗೀರುಗಳು ಉಗುರಿಗೆ ಸಿಕ್ಕುವಷ್ಟು ಆಳವಾಗಿದ್ದರೆ ಆ ಪಾತ್ರೆಯ ಕೆಲಸ ಮುಗಿದಿದೆ. ಬಣ್ಣ ಸ್ವಲ್ಪ ಮಾಸಿದ್ದು, ಮೇಲ್ಮೈಯಲ್ಲಿ ನೂಲಿನಂಥ ತೆಳು ಗೆರೆಗಳಿರುವುದು ಅಷ್ಟು ಗಂಭೀರವಲ್ಲ. ಸೋಡಾದಿಂದ ತೊಳೆದ ಮೇಲೂ ಮೂರು ನಾಲ್ಕು ಸಲ ದೋಸೆ ಅದೇ ಜಾಗದಲ್ಲಿ ಕಚ್ಚಿದರೆ ಹೆಚ್ಚು ಎಣ್ಣೆ ಹಾಕಿ ಎಳೆಯುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಕಡಿಮೆ ಎಣ್ಣೆಗಾಗಿ ಕೊಂಡ ಪಾತ್ರೆ ಆ ಉದ್ದೇಶವನ್ನು ಕಳೆದುಕೊಂಡಿರುತ್ತದೆ.

ಮರುಲೇಪನ ಮಾಡಿಸಬಹುದೇ ಎಂದು ಹಲವರು ಕೇಳುತ್ತಾರೆ. ತತ್ತ್ವತಃ ಸಾಧ್ಯ. ಆದರೆ ಹಳೆಯ ಪದರವನ್ನು ಪೂರ್ತಿ ತೆಗೆದು, ಲೋಹವನ್ನು ಮತ್ತೆ ಒರಟು ಮಾಡಿ, ಪದರ ಪದರವಾಗಿ ಬಳಿದು, 400 ಡಿಗ್ರಿಯ ಸುಮಾರಿನಲ್ಲಿ ಬೇಯಿಸುವ ಕೆಲಸ ಅದು. ಇವುಗಳಲ್ಲಿ ಯಾವ ಹಂತ ತಪ್ಪಿದರೂ ಹೊಸ ಪದರ ಬೇಗ ಕಳಚುತ್ತದೆ. ಮನೆಯಲ್ಲಿ ಸಿಂಪಡಿಸಿ ಸರಿಪಡಿಸುವ ಯಾವುದೇ ದ್ರವ ಈ ಕ್ರಮಕ್ಕೆ ಬದಲಿಯಾಗಲಾರದು. ಹಳೆಯ ಕಾವಲಿಯನ್ನು ಗುಜರಿಗೆ ಕೊಟ್ಟರೆ ಅದರ ಅಲ್ಯುಮಿನಿಯಂ ಮತ್ತೆ ಬಳಕೆಗೆ ಬರುತ್ತದೆ. ಲೇಪನವನ್ನು ಸುಟ್ಟು ತೆಗೆದು ಬರಿಯ ಪಾತ್ರೆಯಾಗಿ ಬಳಸೋಣವೆಂದು ಮನೆಯ ಒಲೆಯ ಮೇಲೆ ಕಾಯಿಸಲು ಮಾತ್ರ ಹೋಗಬಾರದು, ಏಕೆಂದರೆ ಇಷ್ಟು ಹೊತ್ತು ತಪ್ಪಿಸಬೇಕೆಂದು ಹೇಳಿದ ಹೊಗೆ ಏಳುವುದು ಆಗಲೇ.